ಕ್ಯಾಮೆರಾ ಆಮೇಲೆ, ಮೊದಲು ಯುಪಿಐ ನಡೀಬೇಕಲ್ಲ!

ಹೊಸ ಫೋನ್ ತಗೊಳ್ಳುವಾಗ ಕ್ಯಾಮೆರಾ, ಪ್ರೊಸೆಸರ್ ನೋಡಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಸರಿ. ಆದರೆ ತಗೊಂಡ ಮೇಲಿನ ಪರದಾಟದ ಬಗ್ಗೆ ಒಂದು ಸಾಲೂ ಇಲ್ಲವಲ್ಲ! ಸಿಮ್ ಹಾಕಿದ ತಕ್ಷಣ ಯುಪಿಐ ನಡೆಯುವುದಿಲ್ಲ. ಬ್ಯಾಂಕಿನಲ್ಲಿ ಕೊಟ್ಟ ನಂಬರಿನ ಸಿಮ್ ಆ ಫೋನಲ್ಲೇ ಇರಬೇಕು, ಅದರಿಂದಲೇ ಒಂದು ಎಸ್ಸೆಮ್ಮೆಸ್ ತಾನಾಗಿ ಹೋಗಬೇಕು, ಆಮೇಲಷ್ಟೇ ಖಾತೆ ಕಾಣಿಸುತ್ತದೆ. ನನ್ನ ಪ್ಯಾಕಿನಲ್ಲಿ ಎಸ್ಸೆಮ್ಮೆಸ್ಸೇ ಇರಲಿಲ್ಲ. ತರಕಾರಿ ಚೀಲ ಒಂದು ಕೈಯಲ್ಲಿ, ಸುಮ್ನೆ ತಿರುಗುತ್ತಲೇ ಇರುವ ಸ್ಕ್ರೀನ್ ಇನ್ನೊಂದು ಕೈಯಲ್ಲಿ. ಅಂಗಡಿಯವರು "ನಾಳೆ ಕೊಡಿ ಬಿಡಿ" ಅಂದರು, ಪುಣ್ಯ.

ಹಳೇ ಫೋನಿನ ವಾಟ್ಸಾಪ್ ಚಾಟ್ ಹೊಸದಕ್ಕೆ ತರಲು ಗೂಗಲ್ ಡ್ರೈವ್ ಬ್ಯಾಕಪ್ಪೇ ಬೇಕೆಂದಿಲ್ಲ. ಅಲ್ಲಿ ಪುಕ್ಕಟೆ ಸಿಗುವ 15 ಜಿಬಿಯಲ್ಲಿ ಮೇಲ್, ಫೋಟೋ ಎಲ್ಲ ಸೇರುತ್ತದೆ, ಬೇಗ ತುಂಬುತ್ತದೆ. ಎರಡೂ ಆಂಡ್ರಾಯ್ಡ್ ಫೋನ್ ಪಕ್ಕಪಕ್ಕ ಇಟ್ಟು ಹಳೇದರ ವಾಟ್ಸಾಪ್ ಸೆಟ್ಟಿಂಗ್ಸ್‌ನ ಚಾಟ್ಸ್‌ನಲ್ಲಿ ವರ್ಗಾವಣೆ ಆರಿಸಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಚಾಟ್ ನೇರವಾಗಿ ಬರುತ್ತದೆ. ಅಲ್ಲಿವರೆಗೆ ಹಳೇ ಫೋನ್ ಎಕ್ಸ್‌ಚೇಂಜಿಗೆ ಕೊಡಬೇಡಿ.

ಇನ್ನು ಕ್ಯಾಮೆರಾದ 50 ಮೆಗಾಪಿಕ್ಸೆಲ್ ಕಥೆ. ನಾಲ್ಕು ಪಿಕ್ಸೆಲ್ (ಚಿತ್ರದ ಚುಕ್ಕಿ) ಸೇರಿಸಿ ಒಂದು ಮಾಡುವುದರಿಂದ ಮಾಮೂಲಿ ಫೋಟೋ ಬರುವುದು ಹೆಚ್ಚಾಗಿ 12 ಮೆಗಾಪಿಕ್ಸೆಲ್ ಆಸುಪಾಸಿನದೇ. ಚೆನ್ನಾಗೇ ಬರುತ್ತದೆ, ಅದು ಬೇರೆ ಮಾತು. ಆದರೆ ಸ್ಕ್ರೀನ್ ಒಳಗಿನ ಬೆರಳಚ್ಚು ಮಾತ್ರ ಎಷ್ಟೋ ಫೋನುಗಳಲ್ಲಿ ಒದ್ದೆ ಕೈಗೆ ಜಪ್ಪಯ್ಯ ಅಂದರೂ ಲಾಕ್ ತೆಗೆಯುವುದಿಲ್ಲ, ಅಡುಗೆಮನೆಯಲ್ಲಿ ಫೋನ್ ಬಳಸುವವರು ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಿ.