ಲಿಫ್ಟ್ ಇದೆಯಾ? ಹಾಗಾದ್ರೆ ಒಳ್ಳೇ ನರ್ಸಿಂಗ್ ಹೋಂ!

ಹಾಸನದಲ್ಲಿ ಯಾವ ನರ್ಸಿಂಗ್ ಹೋಂ ಚೆನ್ನಾಗಿದೆ ಅಂತ ಯಾರನ್ನಾದರೂ ಕೇಳಿ ನೋಡಿ. ಎನ್.ಆರ್. ಸರ್ಕಲ್ಲಿನಲ್ಲಿ ಟೀ ಕುಡಿಯುತ್ತಾ ನಿಂತವರು, ಬಸ್ ಸ್ಟ್ಯಾಂಡಿನ ಆಟೋದವರು, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ಕೂತ ದೊಡ್ಡಪ್ಪ, ಯಾರಾದರೂ ಸರಿ. ಗೊತ್ತಿಲ್ಲ ಅನ್ನುವವರು ಒಬ್ಬರೂ ಸಿಗುವುದಿಲ್ಲ. ಸಾಲಗಾಮೆ ರಸ್ತೆ ಕಡೆಯದು, ಬಿ.ಎಂ. ರಸ್ತೆ ಕಡೆಯದು ಅಂತ ಒಂದೊಂದನ್ನೇ ಎತ್ತಿಕೊಂಡು, ಗುಣ ದೋಷ ಎಲ್ಲ ಹೇಳಿ, ಕೊನೆಗೆ ತೀರ್ಪನ್ನೂ ಕೊಟ್ಟು ಕಳಿಸುತ್ತಾರೆ. ಅಷ್ಟು ಹೊತ್ತಿನ ಮಾತಿನಲ್ಲಿ ಕಾಯಿಲೆ, ಚಿಕಿತ್ಸೆ ಅನ್ನುವ ಪದ ಮಾತ್ರ ಒಮ್ಮೆಯೂ ಬಂದಿರುವುದಿಲ್ಲ, ಅದು ಬೇರೆ ವಿಷಯ.

ನಮ್ಮ ಜನರ ಮೊದಲ ಅಳತೆಗೋಲು ಲಿಫ್ಟು. 'ಏನ್ ಲಿಫ್ಟ್ ಅಂತೀಯ, ಮಂಚದ ಸಮೇತ ಒಳಗೆ ಹೋಗ್ತದೆ!' ಅಂತ ಅರಕಲಗೂಡು ಕಡೆಯ ನೆಂಟರೊಬ್ಬರು ಕೈ ಅಗಲಿಸಿ ತೋರಿಸಿದ್ದನ್ನು ನೋಡಿದರೆ, ಆ ಲಿಫ್ಟಿನಲ್ಲಿ ಒಂದು ಸಲ ಹತ್ತಿ ಇಳಿದರೆ ಸಾಕು, ಆಪರೇಷನ್ನೇ ಬೇಕಿಲ್ಲ ಅನ್ನಿಸುತ್ತಿತ್ತು. ಆಮೇಲೆ ಪಾರ್ಕಿಂಗ್. ಆಮೇಲೆ ನೆಲಕ್ಕೆ ಗ್ರಾನೈಟ್ ಹಾಕಿದ್ದಾರಾ, ಬರೀ ಟೈಲ್ಸಾ. ಸ್ಪೆಷಲ್ ವಾರ್ಡಿನಲ್ಲಿ ಟಿವಿ ಇದೆಯಾ, ಇದ್ದರೆ ಅದರಲ್ಲಿ ಕ್ರಿಕೆಟ್ ಬರುತ್ತದಾ. ಕ್ಯಾಂಟೀನಿನ ಇಡ್ಲಿ ಮೆತ್ತಗಿದೆಯಾ. ಇಡ್ಲಿ ಮುಖ್ಯ ಅಲ್ಲ ಅಂತ ನಾನು ಹೇಳುತ್ತಿಲ್ಲ. ಪೇಶೆಂಟಿಗೆ ಹೇಗೂ ಗಂಜಿ, ಆ ಇಡ್ಲಿ ತಿನ್ನುವವರು ನೋಡಿಕೊಳ್ಳಲು ಬಂದ ಏಳು ಜನ. ಮತ ಹಾಕುವವರೂ ಅವರೇ. ಹಾಗಾಗಿ ಆಸ್ಪತ್ರೆಯವರು ಯಾರನ್ನು ಮೆಚ್ಚಿಸಬೇಕು ಅನ್ನುವುದು ಅವರಿಗೆ ಚೆನ್ನಾಗಿಯೇ ಗೊತ್ತಿದೆ.

ಇನ್ನು ಡಾಕ್ಟರ ಗುಣಮಟ್ಟ. ಅದನ್ನು ಅಳೆಯುವುದು ಬಾಟ್ಲಿಯಲ್ಲಿ. ಬಾಟ್ಲಿ ಅಂದರೆ ಗ್ಲೂಕೋಸು. ಜ್ವರ ಅಂತ ಹೋದವನಿಗೆ 'ನೀರು ಜಾಸ್ತಿ ಕುಡಿ, ಮಾತ್ರೆ ತಗೋ, ಮೂರು ದಿನ ಬಿಟ್ಟು ಬಾ' ಅಂದ ಡಾಕ್ಟರು ಕೈಗುಣ ಇಲ್ಲದವರು. ಬಂದ ತಕ್ಷಣ ಮಲಗಿಸಿ ಬಾಟ್ಲಿ ಏರಿಸಿದವರು ದೇವರಂಥವರು. ಆ ಐದು ಪರ್ಸೆಂಟ್ ಗ್ಲೂಕೋಸಿನ 500 ಎಂ.ಎಲ್. ಬಾಟ್ಲಿಯೊಳಗೆ ಇರುವುದು 25 ಗ್ರಾಂ ಗ್ಲೂಕೋಸು, ಅಂದರೆ ಐದಾರು ಚಮಚ ಸಕ್ಕರೆಯಷ್ಟು. ವಾಂತಿ ಭೇದಿ ಆಗಿ ಬಾಯಲ್ಲಿ ಏನೂ ನಿಲ್ಲದವನಿಗೆ ಸೂಜಿಯಲ್ಲಿ ನೀರು, ಉಪ್ಪು ಕೊಡಲೇಬೇಕು, ಅದು ಸರಿ. ಆದರೆ ಎದ್ದು ಕೂತು ಕಾಫಿ ಕುಡಿಯುತ್ತಿರುವವನಿಗೂ ಬೇಕು ಅಂದರೆ? ಬೇಕೇ ಬೇಕು. ಯಾಕೆಂದರೆ ಊರಿಗೆ ಹೋದ ಮೇಲೆ 'ಎಷ್ಟು ಬಾಟ್ಲಿ ಹಾಕಿದ್ರು?' ಅಂತ ಕೇಳುತ್ತಾರೆ. ಒಂದೂ ಇಲ್ಲ ಅಂದರೆ ಕಾಯಿಲೆಗೂ ಮರ್ಯಾದೆ ಇಲ್ಲ, ಕಾಯಿಲೆಯವನಿಗೂ ಇಲ್ಲ.

ಹೆರಿಗೆಗೆ ಬೇರೆ ಅಳತೆಗೋಲು ಇದೆ. ಜೋಯಿಸರು ಬರೆದುಕೊಟ್ಟ ಟೈಮಿಗೆ ಸರಿಯಾಗಿ ಮಗು ತೆಗೆದುಕೊಡುತ್ತಾರಾ ಇಲ್ಲವಾ? ಮೂಲಾ ನಕ್ಷತ್ರ ಕಳೆಯುವವರೆಗೆ ಕಾಯುತ್ತಾರಾ? ಬೆಳಗಿನ ಆರೂವರೆಯ ಮುಹೂರ್ತಕ್ಕೆ ಅರಿವಳಿಕೆ ಡಾಕ್ಟರನ್ನು ಎಬ್ಬಿಸಿ ಕರೆಸಿಕೊಳ್ಳುವ ನರ್ಸಿಂಗ್ ಹೋಂ ಇದ್ದರೆ ಅದಕ್ಕೆ ನೂರಕ್ಕೆ ನೂರು ಮಾರ್ಕು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಆದ ಹೆರಿಗೆಗಳಲ್ಲಿ ಶೇ. 47.4 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3. ಸರ್ಕಾರಿ ಆಸ್ಪತ್ರೆಯ ಕೂಸುಗಳಿಗೆ ಪಂಚಾಂಗ ನೋಡುವ ಅಭ್ಯಾಸ ಇಲ್ಲ ಅಂತ ಕಾಣುತ್ತೆ. ನಿಮ್ಮಲ್ಲಿ ನೂರಕ್ಕೆ ಎಷ್ಟು ಸಿಸೇರಿಯನ್ ಆಗುತ್ತೆ ಅಂತ ನಮ್ಮ ಕಡೆಯ ಯಾವ ನರ್ಸಿಂಗ್ ಹೋಂ ಕೌಂಟರಿನಲ್ಲಾದರೂ ಕೇಳಿ ನೋಡಿ. 'ಯಾರು ಪೇಶೆಂಟು? ಫೈಲ್ ಮಾಡಿಸಿದ್ದೀರಾ?' ಅನ್ನುತ್ತಾರೆ.

ಈಗ ಗೋಡೆಗೆ ಬರೋಣ. ನರ್ಸಿಂಗ್ ಹೋಂ ಗೋಡೆಯಷ್ಟು ಓದಲು ಚೆನ್ನಾಗಿರುವ ವಸ್ತು ಇನ್ನೊಂದಿಲ್ಲ, ಕಾಯುವುದಕ್ಕೆ ಟೈಮ್ ಹೇಗೂ ಬೇಕಾದಷ್ಟು ಕೊಡುತ್ತಾರೆ. ನಾನು ಈಚೆಗೆ ಒಂದು ಕಡೆ ಕೂತು ಓದಿದ್ದು ಇದು. ನಡುಮಧ್ಯೆ, ಕೆಂಪು ದಪ್ಪ ಅಕ್ಷರದಲ್ಲಿ, 2009ರ ಕಾಯ್ದೆ: ವೈದ್ಯರ ಮೇಲೆ, ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ 3 ವರ್ಷದವರೆಗೆ ಜೈಲು, 50 ಸಾವಿರದವರೆಗೆ ದಂಡ. ಒಳ್ಳೆಯದೇ, ಡಾಕ್ಟರಿಗೆ ಹೊಡೆಯುವವರು ಒಳಗೆ ಹೋಗಲಿ. ಅದರ ಪಕ್ಕ ತಿಮ್ಮಪ್ಪನ ಕ್ಯಾಲೆಂಡರು. ಕೆಳಗೆ 'ಚಪ್ಪಲಿ ಹೊರಗೆ ಬಿಡಿ', 'ಅಡ್ವಾನ್ಸ್ ಕಟ್ಟಿ ಸಹಕರಿಸಿ'. ಮೂಲೆಯಲ್ಲಿ ಒಂದು ಮನಿ ಪ್ಲಾಂಟು. ಅದು ಚೆನ್ನಾಗಿ ಬೆಳೆದಿದೆ. ಎಲೆ ಸರಿಸಿ ನೋಡಿದರೆ ಹಿಂದೆ ಒಂದು ಪುಟ್ಟ ಫ್ರೇಮು, ಅದರಲ್ಲಿ ಸೊಳ್ಳೆ ಕಾಲಿನಷ್ಟು ಸಣ್ಣಕ್ಕೆ ಟೈಪು ಮಾಡಿದ ದರಪಟ್ಟಿ.

ಆ ಪಟ್ಟಿ ಅವರ ಔದಾರ್ಯ ಅಲ್ಲ, ಕಾನೂನು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ಲರೂ ಕೆಪಿಎಂಇ ಅನ್ನುವುದು ಇದನ್ನೇ, ಚಿಕಿತ್ಸೆಯ ದರವನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಬೇಕು ಅನ್ನುತ್ತದೆ. ಕಾಣುವ ಜಾಗ ಅಂತ ಇದೆಯೇ ಹೊರತು ಗಿಡ ಬೆಳೆಸಬಾರದು ಅಂತ ಎಲ್ಲಿಯೂ ಇಲ್ಲವಲ್ಲ. 2017ರಲ್ಲಿ ಇದನ್ನು ಬಿಗಿ ಮಾಡಲು ಹೊರಟಾಗ ರಾಜ್ಯದ ಖಾಸಗಿ ಡಾಕ್ಟರುಗಳೆಲ್ಲ ಓಪಿಡಿ ಮುಚ್ಚಿ ಬೀದಿಗೆ ಇಳಿದಿದ್ದು, ಕೊನೆಗೆ ಮಸೂದೆ ಮೆತ್ತಗಾಗಿ ಪಾಸಾಗಿದ್ದು ಎಲ್ಲರಿಗೂ ನೆನಪಿರಬೇಕು. ಮೆತ್ತಗಾದರೂ ಅದರಲ್ಲಿ ಒಳ್ಳೆಯ ಮಾತುಗಳು ಉಳಿದವು. ರೋಗಿಗಳ ಹಕ್ಕುಗಳ ಸನ್ನದು ಬಂತು. ಬಿಲ್ಲು ಬಾಕಿ ಇದೆ ಅಂತ ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತಾಯಿತು. ದೂರು ಕೊಡಲು ಜಿಲ್ಲೆಯಲ್ಲೇ ಒಂದು ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಇದು ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾವ ಕ್ಯಾಂಟೀನಿನಲ್ಲಿ ಕಾಫಿಗೆ ಚಿಕೋರಿ ಜಾಸ್ತಿ ಹಾಕುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

2024ರಲ್ಲಿ ಸರ್ಕಾರ ಇನ್ನೊಂದು ಉಪಕಾರ ಮಾಡಿತು. ಬೋರ್ಡಿನ ಮೇಲೆ ನೋಂದಣಿ ನಂಬರ್ ಹಾಕಿ, ಅಲೋಪತಿ ಆದರೆ ನೀಲಿ ಬಣ್ಣ, ಆಯುರ್ವೇದ ಆದರೆ ಹಸಿರು ಅಂತ ಹೇಳಿತು. ಪೇಂಟರುಗಳಿಗೆ ಕೆಲಸ ಸಿಕ್ಕಿತು. ಹೊರಗೆ ನೀಲಿ ಬೋರ್ಡು ಇದ್ದು ರಾತ್ರಿ ಡ್ಯೂಟಿಯಲ್ಲಿ ಕೂತವರು ಯಾವ ಪದ್ಧತಿಯವರು ಅಂತ ತಿಳಿಯಲು ಯಾವ ಬಣ್ಣ ಬಳಿಯಬೇಕೋ, ಅದನ್ನು ಇನ್ನೂ ಹೇಳಿಲ್ಲ.

ನನಗಂತೂ ನಮ್ಮ ಹಾಸನಾಂಬೆ ದರ್ಶನವೇ ಇದಕ್ಕಿಂತ ನೇರ ಅನ್ನಿಸುತ್ತೆ. ಅಲ್ಲಿ ಧರ್ಮದರ್ಶನದ ಸಾಲು ಇದು, 300ರ ಸಾಲು ಇದು, 1000ದ ಸಾಲು ಇದು ಅಂತ ಬೋರ್ಡ್ ಹಾಕಿ ನಿಲ್ಲಿಸುತ್ತಾರೆ. ಪಾಸ್ ಇದ್ದವರು ಎಲ್ಲರನ್ನೂ ಹಿಂದೆ ಹಾಕಿ ಹೋಗುತ್ತಾರೆ ಅನ್ನುವುದನ್ನು ಬಿಟ್ಟರೆ, ಕೊಡುವುದೆಷ್ಟು ಅಂತ ಒಳಗೆ ಹೋಗುವ ಮೊದಲೇ ಗೊತ್ತಿರುತ್ತೆ. ಇಲ್ಲಿ ಗೊತ್ತಾಗುವುದು ಡಿಸ್ಚಾರ್ಜ್ ದಿನ. ಬೆಳಿಗ್ಗೆ ಹತ್ತಕ್ಕೆ 'ಇವತ್ತು ಮನೆಗೆ ಹೋಗಬಹುದು' ಅಂತ ಡಾಕ್ಟರು ಹೇಳಿದರೆ ಬಿಲ್ಲು ಕೈಗೆ ಬರುವುದು ಸಂಜೆ ನಾಲ್ಕಕ್ಕೆ, ಅದರಲ್ಲಿ 'ಇತರೆ' ಅನ್ನುವ ಒಂದು ಸಾಲು ಇರುತ್ತೆ, ಮೇಲಿನ ಎಲ್ಲ ಸಾಲುಗಳಿಗಿಂತ ಆರೋಗ್ಯವಾಗಿರುತ್ತೆ.

ಆದರೆ ನಮ್ಮ ಜಿಲ್ಲೆಯವರು ಒಂದು ನರ್ಸಿಂಗ್ ಹೋಂಗೆ ಕೊಡುವ ಅತಿ ದೊಡ್ಡ ಸರ್ಟಿಫಿಕೇಟ್ ಯಾವುದು ಗೊತ್ತಾ? 'ಬೇಗ ಕಳಿಸಿಬಿಟ್ರು ಕಣ್ರಿ.' ಕೇಸು ಕೆಟ್ಟ ಮೇಲೆ ಅಲ್ಲ, ಕೆಡುವುದಕ್ಕೆ ಮೊದಲೇ ಬೇರೆ ಊರಿಗೆ ಸಾಗಹಾಕಿದರು ಅನ್ನುವುದು ಹೊಗಳಿಕೆ. ಕಳಿಸುವುದು ಎಲ್ಲಿಗೆ ಅನ್ನುವುದರ ಮೇಲೆ ಅಂತಸ್ತು. ಮೈಸೂರಾದರೆ ಸುಮಾರು 120 ಕಿಲೋಮೀಟರು, ಬೆಂಗಳೂರಾದರೆ 180, ಇವೆರಡೂ ಪರವಾಗಿಲ್ಲ. ಮಂಗಳೂರು ಅಂದರೆ ಮಳೆಗಾಲದಲ್ಲಿ ಶಿರಾಡಿ ಘಾಟಿ ತೆರೆದಿದೆಯಾ, ದೋಣಿಗಾಲ್ ಹತ್ತಿರ ಮತ್ತೆ ಗುಡ್ಡ ಜಾರಿದೆಯಾ ಅಂತ ಮೊದಲು ಸಕಲೇಶಪುರದ ಯಾರಿಗಾದರೂ ಫೋನ್ ಮಾಡಿ ವಿಚಾರಿಸಬೇಕು. ಐಸಿಯು ಬಾಗಿಲಲ್ಲಿ ನಿಂತ ನೆಂಟರ ಕಮಿಟಿ ಬೆಂಗಳೂರೋ ಮಂಗಳೂರೋ ಅಂತ ಎರಡು ಪಂಗಡ ಆಗಿ ಜಗಳ ಆಡುವುದನ್ನು ನೋಡಬೇಕು ನೀವು. ಮಂಗಳೂರಿನಲ್ಲಿ ಬಿಲ್ಲು ಕಡಿಮೆ ಅಂತ ಒಬ್ಬರು, ಬೆಂಗಳೂರಿನಲ್ಲಿ ನಮ್ಮ ಭಾವನ ಮನೆ ಹತ್ತಿರ ಅಂತ ಇನ್ನೊಬ್ಬರು. ಸಾಮಾನ್ಯವಾಗಿ ಭಾವನ ಮನೆಯೇ ಗೆಲ್ಲುತ್ತೆ.

2025ರ ಜೂನ್, ಜುಲೈ ನೆನಪಿದೆಯಲ್ಲ? ಹಾಸನದಲ್ಲಿ ಸಣ್ಣ ವಯಸ್ಸಿನವರೆಲ್ಲ ಹಾರ್ಟ್ ಅಟ್ಯಾಕ್ ಆಗಿ ಸಾಯುತ್ತಿದ್ದಾರೆ ಅಂತ ಟಿವಿಯಲ್ಲಿ ದಿನಾ ಸುದ್ದಿ. ಜನ ಬೆಳಗಿನ ಜಾವಕ್ಕೇ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಹೋಗಿ ಸಾಲು ನಿಂತರು. ಜಯದೇವ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ತಜ್ಞರ ಸಮಿತಿ ಮಾಡಿತು, ಅದು ಹಾಸನದಲ್ಲಿ ಅಸಹಜ ಏರಿಕೆ ಏನೂ ಕಾಣಲಿಲ್ಲ ಅಂತ ವರದಿ ಕೊಟ್ಟಿತು. ನನಗೆ ಬೇಕಾಗಿದ್ದು ಆ ವರದಿಯಲ್ಲ, ಆ ಸಾಲು. ವರ್ಷವಿಡೀ ನಮ್ಮ ಲಿಫ್ಟು, ನಮ್ಮ ಗ್ರಾನೈಟು, ನಮ್ಮ ಇಡ್ಲಿ ಅಂತ ಕೊಂಡಾಡಿದವರು, ಎದೆ ಸ್ವಲ್ಪ ಚುಳ್ ಅಂದ ಕೂಡಲೇ ಎಲ್ಲ ಲಿಫ್ಟುಗಳನ್ನೂ ದಾಟಿಕೊಂಡು ಹೊಳೆನರಸೀಪುರದ ದಾರಿ ಹಿಡಿದರಲ್ಲ, ಅದೇ ಅವರ ನಿಜವಾದ ರೇಟಿಂಗು. ಒಂದು ಇಸಿಜಿ ತೆಗೆಸಲು ಜಿಲ್ಲೆ ಬಿಟ್ಟು ಹೋದರು!

ನೋಡಬೇಕಾದ್ದು ಏನು ಅಂತ ಕೇಳುತ್ತೀರಾ? ರಾತ್ರಿ ಎರಡು ಗಂಟೆಗೆ ಮಹಡಿಯಲ್ಲಿ ಯಾವ ಡಾಕ್ಟರು ಇರುತ್ತಾರೆ, ಇರುತ್ತಾರಾ, ಫೋನಿನಲ್ಲಿ ಇರುತ್ತಾರಾ. ಬಿಳಿ ಕೋಟು ಹಾಕಿ ಸೂಜಿ ಚುಚ್ಚುತ್ತಿರುವ ಹುಡುಗಿ ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಕೋರ್ಸ್ ಓದಿದವಳಾ, ಮೂರು ವಾರದ ಹಿಂದೆ ಕೆಲಸಕ್ಕೆ ಸೇರಿದವಳಾ. ಆಪರೇಷನ್ ಆದವರಲ್ಲಿ ಎಷ್ಟು ಜನರ ಹೊಲಿಗೆ ಕೀವಾಯಿತು. ಇದನ್ನು ಕೇಳಲು ಸಂಕೋಚ ಆದರೆ ಸುಮ್ನೆ ಕಟ್ಟಡದ ಹಿಂದಕ್ಕೆ ಒಂದು ಸುತ್ತು ಹೋಗಿ ಬನ್ನಿ. ರಕ್ತ ಮೆತ್ತಿದ ಹತ್ತಿ, ಬಟ್ಟೆ ಹಳದಿ ಚೀಲಕ್ಕೆ, ಟ್ಯೂಬು, ಪೈಪು ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿಗೆ ಹೋಗಬೇಕು, 2016ರ ನಿಯಮ ಅದು. ನಾಲ್ಕೂ ಒಂದೇ ಕಪ್ಪು ಕವರಿನಲ್ಲಿ ಕೂತು ನಾಯಿ ಜೊತೆ ಮಾತಾಡುತ್ತಿದ್ದರೆ, ಮುಂದಿನ ಗ್ರಾನೈಟ್ ಮೇಲೆ ಕಾಲಿಡುವ ಮೊದಲು ಯೋಚಿಸಿ.

ಇದನ್ನೆಲ್ಲ ಮೊನ್ನೆ ಆಲೂರಿನ ಗೆಳೆಯನಿಗೆ ಹೇಳಿದೆ. ಅವನು ತಾಯಿಯ ಪಿತ್ತಕೋಶದ ಆಪರೇಷನ್ ಮಾಡಿಸಿಕೊಂಡು ಬಂದು, ಸಿಕ್ಕವರಿಗೆಲ್ಲ ಆ ನರ್ಸಿಂಗ್ ಹೋಂ ಹೆಸರು ಹೇಳಿ ಕಳಿಸುತ್ತಿದ್ದ.

'ಅಮ್ಮನಿಗೆ ರಾತ್ರಿ ನೋವು ಬಂದಾಗ ಯಾವ ಡಾಕ್ಟರ್ ಬಂದು ನೋಡಿದ್ರು?' ಅಂತ ಕೇಳಿದೆ.

'ರಾತ್ರಿ ಯಾರೂ ಬರ್ಲಿಲ್ಲ ಕಣೋ, ಬೆಳಿಗ್ಗೆ ಬಂದ್ರು. ಆದ್ರೆ ಏನೇ ಹೇಳು, ನಾವು ಮಲಗೋಕೆ ಬೇರೇನೇ ಮಂಚ ಕೊಟ್ಟಿದ್ರು. ಒಳ್ಳೇ ನಿದ್ದೆ.'