ರಾಯಚೂರಿನ ಬಿಸಿಲಿಗೆ ಸಂಪ್ ಬೇಕೇ ಬೇಕು

ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ ಬಗ್ಗೆ ನೀವು 'ಹೊಸಬರಿಗೆ ಆಲ್-ಇನ್-ಒನ್ ಟ್ಯಾಂಕ್ ಸಾಕು, ಸಂಪ್ ಸುಮ್ನೆ ಖರ್ಚು' ಅಂತ ಬರೆದಿದ್ದೀರಿ. ಆಲ್-ಇನ್-ಒನ್ ಅಂದರೆ ಪಂಪ್, ಫಿಲ್ಟರ್ ಎಲ್ಲ ಹಿಂದಿನ ಖಾನೆಗಳಲ್ಲೇ ಇರುವ ಟ್ಯಾಂಕ್; ಸಂಪ್ ಅಂದರೆ ಟ್ಯಾಂಕಿನ ಕೆಳಗೆ ಇಡುವ ಇನ್ನೊಂದು ತೊಟ್ಟಿ, ಮೇಲಿನ ನೀರು ಅದಕ್ಕೆ ಇಳಿದು ಪಂಪಿನಿಂದ ಮತ್ತೆ ಮೇಲೇರುತ್ತದೆ. ಬೆಂಗಳೂರಿನ ಹವೆಗೆ ಇದು ಸರಿ ಇರಬಹುದು, ರಾಯಚೂರಿನಲ್ಲಿ ಕೂತು ನಾನಂತೂ ಒಪ್ಪುವುದಿಲ್ಲ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಹವಳಕ್ಕೆ ಬೇಕಾದದ್ದು 25-26. ಫ್ಯಾನ್ ಇಟ್ಟರೆ ನೀರು ತಣ್ಣಗಾಗುತ್ತದೆ ನಿಜ, ಆದರೆ ಆವಿಯಾಗಿಯೇ ಅಲ್ವಾ ತಣ್ಣಗಾಗುವುದು? ನೀರು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ.

ನನ್ನ ಹತ್ತಿರ ಎರಡೂ ಇವೆ. ಆಲ್-ಇನ್-ಒನ್‌ನಲ್ಲಿ ಹಿಂದಿನ ಪಂಪ್ ಖಾನೆ ಕಿರಿದು, ಬೇಸಿಗೆಯಲ್ಲಿ ಬೆಳಿಗ್ಗೆ ತುಂಬಿಸಿದ ನೀರು ಸಂಜೆಯೊಳಗೆ ಇಳಿದು ಪಂಪ್ ಗಾಳಿ ಎಳೆಯಲು ಶುರು ಮಾಡುತ್ತದೆ, ಗೊರಗೊರ ಸದ್ದು, ಟ್ಯಾಂಕಿನ ತುಂಬ ಸಣ್ಣ ಸಣ್ಣ ಗುಳ್ಳೆ, ಹವಳ ಮುದುಡಿಕೊಂಡಿರುತ್ತದೆ. ಸಂಪ್ ಇದ್ದರೆ ಒಟ್ಟು ನೀರು ಜಾಸ್ತಿ, ಹಾಗಾಗಿ ಬಿಸಿಯೂ ಉಪ್ಪೂ ನಿಧಾನಕ್ಕೆ ಏರುತ್ತವೆ. ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್, ಆವಿಯಾದಷ್ಟು ನೀರನ್ನು ತಾನೇ ತುಂಬುವ ಆಟೋ ಟಾಪ್-ಆಫ್, ನೀರು ತಣ್ಣಗೆ ಮಾಡುವ ಚಿಲ್ಲರ್‌ನ ಪೈಪ್ ಎಲ್ಲಕ್ಕೂ ಜಾಗ ಸಿಗುತ್ತದೆ. ಟಾಪ್-ಆಫ್‌ಗೆ ಮಾತ್ರ ನಮ್ಮ ಬೋರ್‌ವೆಲ್ ನೀರು ಬೇಡವೇ ಬೇಡ, ಆರ್‌ಓ ನೀರೇ ಹಾಕಿ.

ಕರೆಂಟ್ ಹೋದರೆ ಸಂಪ್ ತುಂಬಿ ನೆಲಕ್ಕೆ ಹರಿಯುತ್ತದೆ ಅಂತ ಹೆದರಿಸಿದ್ದೀರಲ್ಲ, ಅದಕ್ಕೆ ದಾರಿ ಇದೆ. ಪಂಪ್ ನಿಂತಾಗ, ಸಂಪಿನಿಂದ ನೀರು ಮೇಲಕ್ಕೆ ತರುವ ರಿಟರ್ನ್ ಪೈಪೇ ಟ್ಯಾಂಕಿನ ನೀರನ್ನು ತಾನಾಗಿ ಕೆಳಕ್ಕೆ ಎಳೆಯುತ್ತದೆ, ಇದೇ ಸೈಫನ್. ಆ ಪೈಪಿಗೆ ಟ್ಯಾಂಕ್ ನೀರಿನ ಮಟ್ಟದ ಹತ್ತಿರವೇ ಒಂದು ಸಣ್ಣ ತೂತು ಕೊರೆಯಿರಿ, ನೀರು ಅಲ್ಲಿಗೆ ಇಳಿದ ಕೂಡಲೇ ಗಾಳಿ ಎಳೆದು ಸೈಫನ್ ಕಡಿದುಹೋಗುತ್ತದೆ. ಅಷ್ಟರೊಳಗೆ ಇಳಿದ ನೀರು ಹಿಡಿಯುವಷ್ಟು ಜಾಗ ಸಂಪಿನಲ್ಲಿ ಖಾಲಿ ಬಿಡಿ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಒಂದನ್ನೇ ನಂಬಬೇಡಿ, ಕಸ ಸಿಕ್ಕಿದರೆ ಅದು ಪೂರ್ತಿ ಮುಚ್ಚುವುದೇ ಇಲ್ಲ. ತೂತನ್ನೂ ಆಗಾಗ ಕೆರೆದು ಸ್ವಚ್ಛ ಮಾಡುತ್ತಿರಿ.