ಅವರಿಗೆ ಹಿಡಿಸಲ್ಲ ಅಂತ ನೀವು ಹೇಳಬೇಡಿ

ನಿನ್ನೆ ಗೆಳತಿಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ಅತ್ತೆ ಮಾವ ಊರಿಂದ ಬಂದು ಇಪ್ಪತ್ತು ದಿನ ಆಗಿದೆ. ಅನ್ನ, ತಿಳಿಸಾರು, ಬೀನ್ಸ್ ಪಲ್ಯ, ಹಪ್ಪಳ. ಚೆನ್ನಾಗಿತ್ತು. ಮಾತಿಗೆ ಅಂತ ಮಾವನವರನ್ನು ಕೇಳಿದೆ, "ಇಲ್ಲಿಗೆ ಬಂದು ಏನೇನು ತಿಂದ್ರಿ?" ಅವರು ಬಾಯಿ ತೆರೆಯುವ ಮೊದಲೇ ಸೊಸೆ ಹೇಳಿದಳು, "ಅಯ್ಯೋ, ಅವರಿಗೆ ಇಲ್ಲಿಂದು ಯಾವುದೂ ಹಿಡಿಸಲ್ಲ." ಅವರು ಮಜ್ಜಿಗೆ ಲೋಟ ಎತ್ತಿಕೊಂಡು ಸುಮ್ಮನಾದರು.

ಹಿಡಿಸಲ್ಲ ಅನ್ನಬೇಕಾದರೆ ಒಂದು ಸಲವಾದರೂ ಬಾಯಿಗೆ ಇಟ್ಟಿರಬೇಕು ಅಲ್ವಾ? ಇಪ್ಪತ್ತು ದಿನದಲ್ಲಿ ಆ ಹಿರಿಯರು ಇಲ್ಲಿನ ಒಂದು ತುಂಡು ಬಿಸಿ ಬ್ರೆಡ್ ಕೂಡ ತಿಂದಿಲ್ಲ. ನಾವು ಇರುವುದು ಫ್ರಾನ್ಸಿನ ಲಿಯೋನ್‌ನಲ್ಲಿ. ಬರೀ ಊಟಕ್ಕಾಗಿಯೇ ಜನ ಹುಡುಕಿಕೊಂಡು ಬರುವ ಊರು ಇದು. ರಾತ್ರಿ ಮನೆಗೆ ಬಂದ ಮೇಲೂ ಸಿಟ್ಟು ಇಳಿಯಲಿಲ್ಲ.

ಇಷ್ಟು ಸಿಟ್ಟು ಯಾಕೆ ಅಂದರೆ, ಇದೇ ಮಾತನ್ನು ಆರು ವರ್ಷದ ಹಿಂದೆ ನಾನೂ ಆಡಿದ್ದೆ. ಅಪ್ಪ ಅಮ್ಮ ಮೊದಲ ಸಲ ಬಂದಾಗ ಐದು ವಾರ ಮನೆಯಲ್ಲಿ ಮುದ್ದೆ ಸಾರು. ಹೊರಗೆ ಹೋದರೆ ಇಂಡಿಯನ್ ಹೋಟೆಲಿನ ನಾನ್, ಪನೀರ್. ಅವರಿಗೆ ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಹೊರಡುವ ದಿನ ಏರ್‌ಪೋರ್ಟಿನಲ್ಲಿ ಅಪ್ಪ ಕೇಳಿದರು, "ಇಲ್ಲಿ ರೈತರು ಏನು ಉಣ್ತಾರವ್ವ?" ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬರುವಾಗ ಟ್ರಾಮಿನಲ್ಲಿ ಕೂತು ಅತ್ತಿದ್ದೆ.

ಈ ಸಲ ಬಂದ ಮೂರನೇ ದಿನವೇ ಅಪ್ಪನನ್ನು ಇಲ್ಲಿನ ಹಳೇ ನೇಕಾರರ ಬಡಾವಣೆ ಕ್ರ್ವಾ-ರೂಸ್‌ನ ಸಂತೆಗೆ ಕರೆದುಕೊಂಡು ಹೋದೆ. ಸೋಮವಾರ ಒಂದು ದಿನ ಬಿಟ್ಟು ವಾರವಿಡೀ ನಡೆಯುವ ಸಂತೆ. ಕೋಳಿ ಅಂಗಡಿಯ ಮುಂದೆ ಅಪ್ಪ ನಿಂತೇಬಿಟ್ಟರು. ಇಲ್ಲೇ ಹತ್ತಿರದ ಬ್ರೆಸ್ ಸೀಮೆಯ ಕೋಳಿ. ತಲೆ, ಕಾಲು ಎಲ್ಲ ಹಾಗೇ ಇತ್ತು. ಕತ್ತಿನ ಸುತ್ತ ಒಂದಿಷ್ಟು ಬಿಳಿ ಪುಕ್ಕ ಬಿಟ್ಟಿದ್ದರು. ಕಾಲು ನೀಲಿ. ಎಡಗಾಲಿಗೆ ಸಾಕಿದವರ ವಿವರ ಇರುವ ಬಳೆ. ಒಂದೊಂದು ಕೋಳಿಗೂ ಓಡಾಡಲು ಕನಿಷ್ಠ 10 ಚದರ ಮೀಟರ್ ಹುಲ್ಲುಗಾವಲು ಕೊಡಬೇಕು. ಮೇವು ಅಂದರೆ ಅಲ್ಲೇ ಹೆಕ್ಕಿದ ಹುಳ ಹುಪ್ಪಟೆ, ಮುಸುಕಿನ ಜೋಳ, ಹಾಲು. ಆ ಹೆಸರಿಗೆ 1957ರಿಂದ ಕಾನೂನಿನ ರಕ್ಷಣೆ ಇದೆ. ಇದನ್ನೆಲ್ಲ ನಾನು ವಿವರಿಸುತ್ತಿದ್ದರೆ ಅಪ್ಪ ಬಗ್ಗಿ ಆ ಕಾಲುಗಳನ್ನೇ ನೋಡುತ್ತಿದ್ದರು. "ಇದು ನಾಟಿ ಕೋಳಿನೇ ಕಣವ್ವ. ಕಾಲು ನೋಡು, ಓಡಾಡಿದ ಕೋಳಿ." ಮಾರುವವಳಿಗೆ ಅದನ್ನೇ ಫ್ರೆಂಚಿನಲ್ಲಿ ಹೇಳಿದೆ. ಅವಳು ಅಪ್ಪನ ಕೈ ಕುಲುಕಿದಳು.

ದುಬಾರಿ ಕೋಳಿ, ನಿಜ. ತಿಂಗಳಿಗೊಂದು ಸಲವೂ ನಾವು ತರುವುದಿಲ್ಲ. ಅಪ್ಪ ಅಮ್ಮನಿಗೆ ಅಲ್ಲದೆ ಇನ್ಯಾರಿಗೆ ತರಲಿ?

ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು, ಕೆನೆ ಸುರಿದು ಸಣ್ಣ ಉರಿಯಲ್ಲಿ ಬೇಯಿಸಿದೆ. ಜೊತೆಗೆ ಗ್ರಾತಾಂ ದೋಫಿನ್ವಾ. ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಹಾಲು, ಕೆನೆ, ಬೆಳ್ಳುಳ್ಳಿ, ಚೂರು ಜಾಯಿಕಾಯಿ, ಒಂದೂಕಾಲು ಗಂಟೆ ಓವನ್. ಅಮ್ಮ ಪಕ್ಕದಲ್ಲೇ ನಿಂತು, "ಇಷ್ಟು ಹೊತ್ತು ಕಾದರೆ ಹಾಲು ಒಡೆಯಲ್ವಾ?" ಅಂತ ಕೇಳುತ್ತಲೇ ಇದ್ದರು. ಉರಿ ಜಾಸ್ತಿ ಆದರೆ ಒಡೆಯುತ್ತದೆ, ಅದಕ್ಕೇ ನಿಧಾನ ಅಂದೆ. ಊಟ ಮುಗಿದ ಮೇಲೆ ನೋಡುತ್ತೇನೆ, ಅಮ್ಮ ಚಮಚ ಹಿಡಿದು ಪಾತ್ರೆಯ ಅಂಚಿಗೆ ಕಂದಾಗಿ ಹಿಡಿದಿದ್ದನ್ನು ಕೆರೆದು ಕೆರೆದು ತಿನ್ನುತ್ತಿದ್ದಾರೆ. ತುಪ್ಪ ಕಾಯಿಸಿದ ದಿನ ತಳದ ಗಸಿಯನ್ನು ಹೀಗೇ ಕೆರೆದು ನಮ್ಮ ಕೈಗೆ ಹಾಕುತ್ತಿದ್ದರು.

ಮಾರನೇ ವಾರ ಬೂಷೋನ್‌ಗೆ ಹೋದೆವು. ಲಿಯೋನ್‌ನ ಹಳೇ ಊಟದ ಮನೆಗಳಿಗೆ ಹಾಗೆ ಹೆಸರು. ಚೌಕುಳಿ ಮೇಜುಬಟ್ಟೆ, ಒತ್ತೊತ್ತಾಗಿ ಕುರ್ಚಿ. ರೇಷ್ಮೆ ನೇಯುವ ಕೆಲಸಗಾರರು ಉಂಡು ಬೆಳೆಸಿದ ಅಡುಗೆ ಇದು. ನಮ್ಮದು ರಾಮನಗರದ ಕಡೆ, ಅಪ್ಪ ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವರು, ನಿಮಗೆಲ್ಲ ಗೊತ್ತು. ಕ್ರ್ವಾ-ರೂಸ್‌ನ ಮನೆಗಳ ಸೂರು ಯಾಕೆ ಅಷ್ಟು ಎತ್ತರ ಅಂದರೆ ಚಿತ್ತಾರ ನೇಯುವ ಎತ್ತರದ ಜಕಾರ್ಡ್ ಮಗ್ಗ ಹಿಡಿಸಲು, ಸುಮಾರು 4 ಮೀಟರ್ ಅಂದೆ. ಅಪ್ಪ ದಾರಿಯುದ್ದಕ್ಕೂ ತಲೆ ಎತ್ತಿ ಕಿಟಕಿಗಳನ್ನೇ ನೋಡುತ್ತಾ ನಡೆದರು.

ಮೊದಲು ಬಂದಿದ್ದು ಸೆರ್ವೆಲ್ ದ ಕಾನ್ಯು. 'ನೇಕಾರನ ಮಿದುಳು' ಅಂತ ಅರ್ಥ. ಹೆಸರಿಗೆ ಹೆದರಬೇಡಿ. ಗಟ್ಟಿ ಮೊಸರಿನಂಥ ಹಸಿ ಚೀಸ್‌ಗೆ ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಸೊಪ್ಪು, ಉಪ್ಪು, ಮೆಣಸು. ಅಮ್ಮ ಒಂದು ಚಮಚ ತಿಂದು, "ಮೊಸರು ಬಜ್ಜಿ ಇದು" ಅಂದರು. ಆಮೇಲೆ ಕೋಳಿ ಲಿವರ್ ರುಬ್ಬಿ, ಮೊಟ್ಟೆ ಹಾಲು ಸೇರಿಸಿ ಹದವಾಗಿ ಬೇಯಿಸಿದ್ದು, ಮೇಲೆ ಟೊಮೆಟೊ ಸಾರು. ಅಪ್ಪ ತಟ್ಟೆಯನ್ನು ಬ್ರೆಡ್‌ನಲ್ಲಿ ಒರೆಸಿ ಒರೆಸಿ ತಿಂದರು. ಎಲ್ಲವೂ ಹಿಡಿಸಲಿಲ್ಲ, ಅದನ್ನೂ ಹೇಳುತ್ತೇನೆ. ಸಕ್ಕರೆ ಮೆತ್ತಿದ ಬಾದಾಮಿಯ ಗುಲಾಬಿ ಬಣ್ಣದ ಪ್ರಾಲೀನ್ ಟಾರ್ಟ್ ಅಮ್ಮನಿಗೆ ತೀರಾ ಸಿಹಿ ಆಯಿತು. ಸ್ಯಾಂ ಮಾರ್ಸೆಲ್ಯಾಂ ಚೀಸ್ ಮೂಸಿ ನೋಡಿ ಅಪ್ಪ ತಟ್ಟೆ ಪಕ್ಕಕ್ಕೆ ಇಟ್ಟರು. ಇಡಲಿ ಬಿಡಿ. ತಾವೇ ನೋಡಿ ಬೇಡ ಅಂದರು.

ಇಲ್ಲಿನ ಊಟ ಅಂದ ತಕ್ಷಣ ನಮ್ಮವರ ಕಣ್ಣ ಮುಂದೆ ಬರುವುದು ಸ್ಟಾರ್ ಹೋಟೆಲ್, ದೊಡ್ಡ ತಟ್ಟೆ, ಮಧ್ಯದಲ್ಲಿ ಚೂರು. ಆದರೆ ಇದೇ ಲಿಯೋನ್‌ನಲ್ಲಿ ಯುಜೆನಿ ಬ್ರಾಜಿಯೇ ಅಂತ ಅಡುಗೆಗೆ ಹೆಸರಾದ ಒಬ್ಬ ಹೆಣ್ಣುಮಗಳು ಇದ್ದರು. ಹುಟ್ಟಿದ್ದು 1895ರಲ್ಲಿ, ಇದೇ ಬ್ರೆಸ್ ಸೀಮೆಯ ಕಡೆ. ಹತ್ತು ವರ್ಷಕ್ಕೆ ತಾಯಿ ಹೋದರು, ಹೊಲ ಕೊಟ್ಟಿಗೆಯಲ್ಲಿ ದುಡಿದು ಬೆಳೆದರು. 1933ರಲ್ಲಿ ಅವರ ಎರಡು ಹೋಟೆಲಿಗೂ ಮೂರು ಮೂರು ಮಿಷಲಿನ್ ಸ್ಟಾರ್ ಬಂತು, ಹೋಟೆಲ್ ಅಡುಗೆಗೆ ಮಿಷಲಿನ್ ಗೈಡ್ ಕೊಡುವ ಅತಿ ದೊಡ್ಡ ಮನ್ನಣೆ ಅದು. ಅವರ ಕೈಯಡುಗೆ ಅಂದರೆ ಕೋಳಿ, ಕೆನೆ, ಬೆಣ್ಣೆ, ತರಕಾರಿ. ಹಟ್ಟಿಯಲ್ಲಿ ಕೋಳಿ, ಕೊಟ್ಟಿಗೆಯಲ್ಲಿ ಹಸು ಸಾಕಿದ ನಮ್ಮ ಅಪ್ಪ ಅಮ್ಮನಿಗೆ ಈ ಅಡುಗೆ ನಮಗಿಂತ ಬೇಗ ಅರ್ಥ ಆಗುತ್ತದೆ. ಅವರಿಗೆ ಹಿಡಿಸಲ್ಲ ಅಂತೀರಲ್ಲ!

"ವಯಸ್ಸಾದವರು, ಬಿಪಿ, ಶುಗರ್, ಹೊಟ್ಟೆ ಕೆಟ್ಟರೆ ಯಾರು ನೋಡ್ತಾರೆ" ಅಂತ ಗೆಳತಿ ಅಂದಳು. ಸರಿ, ಸ್ವಲ್ಪ ಬಡಿಸಿ, ಮಧ್ಯಾಹ್ನ ಬಡಿಸಿ. "ನಮ್ಮವರು ಸಸ್ಯಾಹಾರಿ" ಅಂದಳು. ಇಲ್ಲಿ ಎಚ್ಚರ ಬೇಕು, ಒಪ್ಪುತ್ತೇನೆ. ಈರುಳ್ಳಿ ಸೂಪಿಗೆ ಸಾಮಾನ್ಯವಾಗಿ ದನದ ಮೂಳೆಯ ರಸ ಹಾಕುತ್ತಾರೆ, ಎಷ್ಟೋ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು. ಕೇಳಿಯೇ ತಿನ್ನಬೇಕು. ಆದರೆ ಗ್ರಾತಾಂಗೆ ಚೀಸ್ ಬೇಕಿಲ್ಲ. ನೀಸ್ ಕಡೆಯ ಸೋಕಾ ಅಂದರೆ ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಅಷ್ಟೇ, ನಮ್ಮ ಕಡಲೆಹಿಟ್ಟಿನ ದೋಸೆಯ ಅಕ್ಕ. ರಾತಾತೂಯ್ ಇದೆ, ಬದನೆಕಾಯಿ ಟೊಮೆಟೊ. ಲ ಪ್ಯುಯಿಯ ಹಸಿರು ಮಸೂರ ಇದೆ, ನೆನೆಹಾಕದೆ ಬೇಯುತ್ತದೆ, ಬೆಂದರೂ ಕಾಳು ಕಾಳಾಗಿ ಇರುತ್ತದೆ. ಬ್ರೆಡ್ ಇದೆ. 'ತ್ರಾದಿಸಿಯೋಂ' ಅಂತ ಕೇಳಿ ತಗೊಳ್ಳಿ. 1993ರ ಕಾನೂನಿನ ಪ್ರಕಾರ ಅದನ್ನು ಫ್ರೀಜ್ ಮಾಡುವಂತಿಲ್ಲ. ಸಸ್ಯಾಹಾರ ಅನ್ನುವುದು ನೆಪ. ಹುಡುಕುವ ಮನಸ್ಸು ಇಲ್ಲ, ಅಷ್ಟೇ.

ಆ ಮಾವನವರು ವಾಪಸ್ ಹೋಗಲು ಇನ್ನೂ ಹತ್ತು ದಿನ ಇದೆ. ಬೆಳಿಗ್ಗೆ ಗೆಳತಿಗೆ ಫೋನ್ ಮಾಡಿ, ಬರುವ ಭಾನುವಾರ ಎಲ್ಲರೂ ನಮ್ಮ ಮನೆಗೇ ಬನ್ನಿ ಅಂದೆ. ಮಸೂರ, ಗ್ರಾತಾಂ, ಸೋಕಾ ಮಾಡುತ್ತೇನೆ. ಆಲೂಗಡ್ಡೆ ಹೆಚ್ಚುವ ಕೆಲಸ ಅಮ್ಮ ಈಗಲೇ ವಹಿಸಿಕೊಂಡಿದ್ದಾರೆ. ಬಿಸಿ ಬ್ರೆಡ್ ತರಲು ಅಪ್ಪನೇ ಬೇಕರಿಗೆ ಹೋಗುತ್ತಾರಂತೆ, 'ಬೊಂಜೂರ್' ಕಲಿತಿದ್ದಾರೆ.